‘ಪಾಸಿಬ್ಲಿ’ ಎಂದರೆ ‘ಬರುತ್ತದೆ’ ಅಲ್ಲ: ಮೊಬೈಲ್, ಕ್ಯಾನ್ಸರ್ ಮತ್ತು ಬಿದ್ದುಹೋದ ಒಂದು ಪದ

“ಮೊಬೈಲ್‌ನಿಂದ ಕ್ಯಾನ್ಸರ್ ಬರುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.” ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಇದು ಪೂರ್ತಿ ಕಟ್ಟುಕಥೆಯಲ್ಲ. ಆದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಒಂದು ಪದ ದಾರಿಯಲ್ಲೇ ಬಿದ್ದುಹೋಗಿದೆ: ‘ಪಾಸಿಬ್ಲಿ’.

ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 2011ರಲ್ಲಿ ಮೊಬೈಲ್‌ನ ರೇಡಿಯೋ ತರಂಗಗಳನ್ನು ‘ಪಾಸಿಬ್ಲಿ’ ಕ್ಯಾನ್ಸರ್‌ಕಾರಕ ಎಂಬ 2ಬಿ ಗುಂಪಿಗೆ ಹಾಕಿತು. ಅಂದರೆ ಅನುಮಾನಕ್ಕೆ ಒಂದಿಷ್ಟು ಕಾರಣವಿದೆ, ಆದರೆ ಅದು ಕಾಕತಾಳೀಯವೂ ಇರಬಹುದು. ಅದರ ಮೇಲಿನ 2ಎ ಗುಂಪಿಗೆ ‘ಪ್ರಾಬಬ್ಲಿ’ ಎಂಬ ಪದ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳು ಅಲ್ಲಿವೆ. ತಂಬಾಕು 1ನೇ ಗುಂಪಿನಲ್ಲಿದೆ, ಅಲ್ಲಿ ಅನುಮಾನವೇ ಇಲ್ಲ.

ಈ ಗುಂಪುಗಳು ಅಳೆಯುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು. ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ.

‘ಬಹುಶಃ’ ಎಂದು ಅನುವಾದಿಸಿದರೆ ಸಾಲದೇ? ಸಾಲದು. “ಬಹುಶಃ ಇವತ್ತು ಮಳೆ ಬರುತ್ತೆ” ಎಂದರೆ ನಾವು ಕೊಡೆ ಹಿಡಿದೇ ಹೊರಡುತ್ತೇವೆ. ಅದು ‘ಪ್ರಾಬಬ್ಲಿ’ಗೆ ಹತ್ತಿರ. ‘ಪಾಸಿಬ್ಲಿ’ಗೆ ಸರಿಯಾದ ಮಾತು “ಬಂದರೂ ಬಂದೀತು”. ಶಾಲೆಯ ವ್ಯಾಕರಣದಲ್ಲಿ ಓದಿದ ಸಂಭಾವನಾರೂಪ ಇದೇ. ಫಾರ್ವರ್ಡ್ ಬರೆಯುವವರಿಗೆ ಮಾತ್ರ ಅದು ನೆನಪಾಗುವುದಿಲ್ಲ!

2023ರಲ್ಲಿ ಕೃತಕ ಸಿಹಿ ಆಸ್ಪರ್ಟೇಮ್ ಕೂಡ 2ಬಿ ಸೇರಿತು. ‘ಸಿಹಿ ಗುಳಿಗೆ ವಿಷ’ ಎಂದು ನಂಬಿ ಸಕ್ಕರೆ ಕಾಯಿಲೆಯವರು ಮತ್ತೆ ಸಕ್ಕರೆ ಹಾಕಿದ ಕಾಫಿಗೆ ಮರಳಿದರೆ, ಬಂದರೂ ಬಂದೀತು ಎನ್ನುವ ಅಪಾಯಕ್ಕೆ ಹೆದರಿ ಕಣ್ಣೆದುರಿನ ಅಪಾಯ ತಂದುಕೊಂಡಂತೆ. ಅದೇ ದಿನ ಆಹಾರ ಸುರಕ್ಷತೆಯ ಮತ್ತೊಂದು ತಜ್ಞರ ಸಮಿತಿ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂವರೆಗೆ ಆಸ್ಪರ್ಟೇಮ್ ಸೇವಿಸಬಹುದು ಎಂಬ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು. 60 ಕಿಲೋ ತೂಕದವರಿಗೆ ಅದು 2,400 ಮಿಲಿಗ್ರಾಂ. ಈ ಭಾಗವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಅಂದಹಾಗೆ, ಲೋಳೆಸರದ ಇಡೀ ಎಲೆಯ ಸಾರವೂ 2ಬಿ ಪಟ್ಟಿಯಲ್ಲಿದೆ. ಮೊಬೈಲ್‌ಗೆ ಹೆದರಿಸುವ ಗ್ರೂಪ್‌ಗಳಲ್ಲೇ ಲೋಳೆಸರದ ಜ್ಯೂಸ್ ಕುಡಿಯಿರಿ ಎಂಬ ಸಲಹೆಯೂ ಬರುತ್ತಿರುತ್ತದೆ.

ಈ ಪಟ್ಟಿ ಶಾಶ್ವತವೂ ಅಲ್ಲ. 1991ರಿಂದ 2ಬಿಯಲ್ಲಿದ್ದ ಕಾಫಿಯನ್ನು 2016ರಲ್ಲಿ ಅಲ್ಲಿಂದ ಕೈಬಿಡಲಾಯಿತು. ಮೊಬೈಲ್ ತರಂಗಗಳು ಇನ್ನೂ ಅಲ್ಲೇ ಇವೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯೇ ಮಾಡಿಸಿದ, 2024ರಲ್ಲಿ ಪ್ರಕಟವಾದ ಅಧ್ಯಯನಗಳ ಪರಿಶೀಲನೆಯಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರ್‌ಗೂ ಸಂಬಂಧ ಕಂಡುಬಂದಿಲ್ಲ.