ಒಟ್ಟಿಗೆ ನಿಲ್ಲದವರ ಗ್ರೂಪ್ ಫೋಟೊ!

ಮದುವೆ ಮನೆಯಲ್ಲಿ ಗ್ರೂಪ್ ಫೋಟೊಗೆ ಎಲ್ಲರನ್ನೂ ಸೇರಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಇನ್ನು ನೂರಕ್ಕೂ ಹೆಚ್ಚು ವೇಷಧಾರಿಗಳನ್ನು, ಅದೂ ಮಂಜುಗಡ್ಡೆಯ ಮೇಲೆ ಜಾರುವವರನ್ನು, ಒಂದೇ ಚಿತ್ರದಲ್ಲಿ ಹಿಡಿಯುವುದು ಹೇಗೆ?

1870ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ವಿಕ್ಟೋರಿಯಾ ರಾಣಿಯ ಮಗ ಪ್ರಿನ್ಸ್ ಆರ್ಥರ್ ಗೌರವಾರ್ಥ ವೇಷ ತೊಟ್ಟು ಸ್ಕೇಟಿಂಗ್ ಮಾಡುವ ಉತ್ಸವ ನಡೆಯಿತು. ಆಗಿನ ಕ್ಯಾಮೆರಾಕ್ಕೆ ದೀಪದ ಬೆಳಕು ಸಾಲದು. ಅಲುಗಾಡಿದರೆ ಮುಖವೇ ಮಸುಕು. ಫೋಟೊಗ್ರಾಫರ್ ವಿಲಿಯಂ ನಾಟ್‌ಮನ್ ಉಪಾಯ ಹೂಡಿದರು. ಅತಿಥಿಗಳನ್ನು ಅದೇ ವೇಷದಲ್ಲಿ ಸ್ಟುಡಿಯೊಗೆ ಕರೆಸಿ, ಒಬ್ಬೊಬ್ಬರದೇ ಫೋಟೊ ತೆಗೆದರು. ಅವನ್ನೆಲ್ಲ ಕತ್ತರಿಸಿ, ಕಲಾವಿದರು ಬರೆದ ಹಿನ್ನೆಲೆಯ ಮೇಲೆ ಅಂಟಿಸಲಾಯಿತು.

ಮುಖ ನಿಜ, ವೇಷ ನಿಜ. ಆ ಗುಂಪು ಮಾತ್ರ ಹಾಗೆ ನಿಂತದ್ದೇ ಇಲ್ಲ! ಇದನ್ನು ಮೋಸ ಎನ್ನೋಣವೇ? ತೀರಿಕೊಂಡ ಅಜ್ಜನ ಫೋಟೊವನ್ನು ಅಜ್ಜಿಯ ಪಕ್ಕ ಕೂಡಿಸಿಕೊಟ್ಟ ನಮ್ಮೂರ ಸ್ಟುಡಿಯೊದವರದ್ದೂ ಇಂಥದ್ದೇ ವಿದ್ಯೆ. ಗೋಡೆಯ ಮೇಲಿನ ಹಳೇ ಫೋಟೊವನ್ನು ಒಮ್ಮೆ ಹತ್ತಿರದಿಂದ ನೋಡಿ.