ಮನೆಗೊಂದು ಕಂಪ್ಯೂಟರು: ಯಾವ ಭಾಗಕ್ಕೆ ಎಷ್ಟು ಖರ್ಚು?

ಮಗ ಹನ್ನೊಂದನೆಯ ತರಗತಿಗೆ ಬಂದನೆಂದರೆ, ಮಗಳು ಲೆಕ್ಕಪತ್ರದ ಪರೀಕ್ಷೆಗೆ ಕಟ್ಟಿದಳೆಂದರೆ, ಮನೆಯಲ್ಲಿ ಕಂಪ್ಯೂಟರಿನ ಮಾತು ಏಳುತ್ತದೆ. ಸಂಬಳವನ್ನೇ ನಂಬಿ ಪರವೂರಿನಲ್ಲಿ ಬಾಳುವೆ ಮಾಡುವ ನಮ್ಮಂಥ ಸಂಸಾರಗಳಲ್ಲಿ ಈ ಮಾತು ದಸರೆಗೆ ಎದ್ದು ದೀಪಾವಳಿಯ ಬೋನಸ್ಸು ಕೈಗೆ ಬರುವವರೆಗೂ ನಡೆಯುವುದುಂಟು. ಅಷ್ಟರಲ್ಲಿ ಬಂಧುಗಳು, ಕಚೇರಿಯ ಮಿತ್ರರು, ಅಂಗಡಿಯವನು, ಅಂಗಡಿಯವನ ಭಾವಮೈದುನ, ಎಲ್ಲರೂ ತಲೆಗೊಂದು ಸಲಹೆ ಕೊಟ್ಟಿರುತ್ತಾರೆ. ಸಲಹೆ ಹೆಚ್ಚಾದಷ್ಟೂ ಗೊಂದಲ ಹೆಚ್ಚು.

ದಿನವೂ ಹೊತ್ತು ತಿರುಗುವ ಅಗತ್ಯವಿದ್ದವರಿಗೆ ಲ್ಯಾಪ್‌ಟಾಪು ಬೇಕೇ ಬೇಕು; ಆ ಮಾತು ಬೇರೆ. ಮನೆಯ ಮೂಲೆಯಲ್ಲಿ ಮೇಜಿನ ಮೇಲೆ ಕೂತು ನಾಲ್ವರ ಕೆಲಸಕ್ಕೆ ಒದಗಬೇಕಾದ ಯಂತ್ರಕ್ಕೆ, ಬಿಡಿಭಾಗಗಳನ್ನು ಆರಿಸಿ ಜೋಡಿಸಿದ ಡೆಸ್ಕ್‌ಟಾಪೇ ಸರಿಯೆಂಬುದು ನನ್ನ ಅಭಿಪ್ರಾಯ. ಅದು ಊರಿನ ಹೆಂಚಿನ ಮನೆಯಿದ್ದಂತೆ. ಹೆಂಚು ಒಡೆದರೆ ಹೆಂಚನ್ನು ಬದಲಿಸಿದರಾಯಿತು, ಮನೆಯನ್ನೇ ಕೆಡವಬೇಕಾಗಿಲ್ಲ. ಆದರೆ ಕೈ ಬಿಗಿ ಹಿಡಿಯಬೇಕಾದ ಕಡೆ ಸಡಿಲ ಬಿಟ್ಟು, ಸಡಿಲ ಬಿಡಬೇಕಾದ ಕಡೆ ಬಿಗಿ ಹಿಡಿದರೆ ಈ ಲಾಭವೆಲ್ಲ ಹೋಯಿತು. ಬಹುಪಾಲು ಮನೆಗಳಲ್ಲಿ ಆಗುವುದು ಇದೇ. ದರಪಟ್ಟಿಯನ್ನು ಇಲ್ಲಿ ಕೊಡುವುದಿಲ್ಲ. ಈ ಸರಕಿನ ಬೆಲೆ ವಾರಕ್ಕೊಮ್ಮೆ ಏರಿಳಿಯುತ್ತದೆ, ನಮ್ಮ ಪತ್ರಿಕೆಯೋ ಮೂರು ತಿಂಗಳಿಗೊಮ್ಮೆ ಬರುವಂಥದು.

ಮೊದಲಿಗೆ ಪ್ರೊಸೆಸರು. ಪಾಠ ಕೇಳುವುದು, ಬೆರಳಚ್ಚು, ಲೆಕ್ಕದ ಹಾಳೆ, ಊರಿನವರೊಡನೆ ಮುಖ ನೋಡಿ ಮಾತನಾಡುವುದು, ಮಕ್ಕಳ ಪ್ರೋಗ್ರಾಮಿಂಗು, ಒಂದಿಷ್ಟು ಸಿನಿಮಾ, ಇಷ್ಟಕ್ಕೆ ಇಂಟೆಲ್ ಕಂಪನಿಯ ಕೋರ್ ಐ3-12100 ಅಥವಾ ಎಎಂಡಿ ಕಂಪನಿಯ ರೈಜೆನ್ 5 5600ಜಿ ದರ್ಜೆಯದು ಧಾರಾಳವಾಗಿ ಸಾಕು. ಮೊದಲನೆಯದು 2022ರಲ್ಲಿ ಬಂದದ್ದು, ನಾಲ್ಕು ಕೋರುಗಳುಳ್ಳದ್ದು. ಎರಡನೆಯದು 2021ರದು, ಆರು ಕೋರುಗಳದು. ಎರಡರಲ್ಲಿಯೂ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗ ಒಳಗೇ ಇದೆ. ಬೇರೆ ಕಾರ್ಡಿನ ಖರ್ಚಿಲ್ಲ. ಇಲ್ಲಿಯೇ ಒಂದು ಅಕ್ಷರದ ಆಟವುಂಟು. 12100ರ ಮುಂದೆ ‘ಎಫ್’ ಎಂದಿದ್ದರೆ ಆ ಗ್ರಾಫಿಕ್ಸ್ ಭಾಗ ಇಲ್ಲವೆಂದು ಅರ್ಥ. ಎಎಂಡಿಯಲ್ಲಿ 5600ರ ಮುಂದಿನ ‘ಜಿ’ ಇಲ್ಲದಿದ್ದರೂ ಹಾಗೆಯೇ. ಕೆಲವು ನೂರು ರೂಪಾಯಿ ಉಳಿಯಿತೆಂದು ‘ಎಫ್’ ತಂದ ಮನೆಯಲ್ಲಿ ಯಂತ್ರವೇನೋ ಚಾಲೂ ಆಗುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ. ಆಮೇಲೆ ಸಾವಿರಗಟ್ಟಲೆ ಕೊಟ್ಟು ಗ್ರಾಫಿಕ್ಸ್ ಕಾರ್ಡು ಕೊಳ್ಳಬೇಕು. ‘ಆಟಕ್ಕೆ ಕಾರ್ಡು ಬೇಕೇ ಬೇಕಪ್ಪಾ’ ಎಂದು ಮಗ ಹಟ ಹಿಡಿದರೆ, ಮುಂದೆ ಹಾಕಿಸಲು ಸ್ಥಳವಿರುತ್ತದೆಯೆಂದು ಹೇಳಿ ಮುಂದೂಡಬಹುದು. ಅದು ಸುಳ್ಳೂ ಅಲ್ಲ.

ಇನ್ನು ಈ ಅಂಕಿಗಳನ್ನು ಓದುವ ಬಗೆ. ಇದನ್ನು ತಿಳಿಯದೆ ಎಷ್ಟೋ ಮಂದಿ ಮೋಸ ಹೋಗುತ್ತಾರೆ. ನಮ್ಮ ಕಟ್ಟಡದಲ್ಲಿರುವ ಗದಗಿನ ಕಡೆಯ ಒಂದು ಕುಟುಂಬದವರು ಮಗನಿಗೆಂದು ಒಂದು ಸೆಟ್ಟನ್ನು ಅಗ್ಗದಲ್ಲಿ ತಂದರು. ಹೊಚ್ಚ ಹೊಸ ಕ್ಯಾಬಿನೆಟ್ಟು, ಒಳಗೆ ಬಣ್ಣಬಣ್ಣದ ದೀಪ, ‘ಐ5’ ಎಂಬ ಚೀಟಿ. ಐ3ಕ್ಕಿಂತ ಐ5 ದೊಡ್ಡದಲ್ಲವೇ! ಒಳಗಿದ್ದದ್ದು ಮಾತ್ರ ಐ5-3470. ಇಂಟೆಲ್ಲಿನ ಈ ಸಾಲಿನಲ್ಲಿ ಗೆರೆಯ ಬಲಕ್ಕಿರುವ ಮೊದಲ ಒಂದಂಕಿ ಅಥವಾ ಎರಡಂಕಿ ತಲೆಮಾರನ್ನು ಸೂಚಿಸುತ್ತದೆ: 3470 ಎಂದರೆ ಮೂರನೆಯ ತಲೆಮಾರು, 2012ರ ಸರಕು, 12100 ಎಂದರೆ ಹನ್ನೆರಡನೆಯದು. ಆ ಹಳೆಯ ಐ5ನ್ನು ಈ ಐ3 ಸುಲಭವಾಗಿ ಹಿಂದೆ ಹಾಕುತ್ತದೆ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕಾದರೋ ಇಂಟೆಲ್ಲಿನ ಎಂಟನೆಯ ತಲೆಮಾರಾದರೂ ಇರಬೇಕೆಂಬುದು ಕಂಪನಿಯ ನಿಯಮ. ಹೀಗೆ ಆ ಯಂತ್ರ ಮನೆಗೆ ಬಂದ ದಿನವೇ ನಿವೃತ್ತಿಯ ವಯಸ್ಸು ದಾಟಿತ್ತು. ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಪರಿಚಯದ ಹುಡುಗನೊಬ್ಬ ಲಿನಕ್ಸ್ ಹಾಕಿಕೊಟ್ಟ. ತಾಯಿಯವರ ಬೆರಳಚ್ಚಿನ ಕೆಲಸಕ್ಕೆ ಅದು ಈಗಲೂ ಒದಗುತ್ತಿದೆ. ಮಗನಿಗೆ ಮಾತ್ರ ಮತ್ತೆ ಹಣ ಕೂಡಿಸುತ್ತಿದ್ದಾರೆ.

ಹಳೆಯದೆಲ್ಲವೂ ಕೆಟ್ಟದ್ದಲ್ಲ. ದೊಡ್ಡ ಕಚೇರಿಗಳಿಂದ ಹೊರಬಿದ್ದ ಎಂಟನೆಯ ತಲೆಮಾರಿನ ಅಥವಾ ಮುಂದಿನ ಯಂತ್ರ ಸಿಕ್ಕಿದರೆ, ನೋಡಿ ಕೊಂಡರೆ ತಪ್ಪಿಲ್ಲ. ಆದರೆ ಅಂಥವುಗಳ ವಿದ್ಯುತ್ ಪೆಟ್ಟಿಗೆಯೂ ಮದರ್‌ಬೋರ್ಡೂ ಅನೇಕ ವೇಳೆ ಆಯಾ ಕಂಪನಿಯದೇ ಅಳತೆಯವು; ಕೆಟ್ಟರೆ ಬೇರೆಯದು ಕೂರುವುದಿಲ್ಲ. ಹೆಂಚಿನ ಮನೆಯ ಸೌಕರ್ಯ ಅಲ್ಲಿಲ್ಲ.

ಮದರ್‌ಬೋರ್ಡಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. 12100ಕ್ಕೆ ಎಚ್610, 5600ಜಿಗೆ ಬಿ450 ಅಥವಾ ಬಿ550 ಎಂಬ ವರ್ಗದ ಬೋರ್ಡು ಸಾಕು. ಎಚ್610ರಲ್ಲಿ ಡಿಡಿಆರ್4 ಮೆಮೊರಿ ಹಿಡಿಸುವವೂ ಇವೆ, ಡಿಡಿಆರ್5 ಹಿಡಿಸುವವೂ ಇವೆ. ಒಂದರ ಕಡ್ಡಿ ಇನ್ನೊಂದರ ತೂತಿಗೆ ಹೋಗದು. ಆದುದರಿಂದ ಬೋರ್ಡನ್ನೂ ಮೆಮೊರಿಯನ್ನೂ ಒಂದೇ ಅಂಗಡಿಯಲ್ಲಿ, ಒಂದೇ ದಿನ ಕೊಳ್ಳುವುದು ಜಾಣತನ.

ಮೆಮೊರಿ ಎಂಟು ಜಿಬಿಗೆ ಕಡಿಮೆ ಬೇಡ, ಹದಿನಾರಿದ್ದರೆ ಉತ್ತಮ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಭಾಗಕ್ಕೆ ಸ್ವಂತ ಮೆಮೊರಿಯಿಲ್ಲ, ಅದು ಈ ಪಾಲಿನಿಂದಲೇ ಸಾಲ ಪಡೆಯುತ್ತದೆ. ಆದುದರಿಂದ ಹದಿನಾರರ ಒಂದು ಕಡ್ಡಿಗಿಂತ ಎಂಟೆಂಟರ ಎರಡು ಕಡ್ಡಿಗಳಿದ್ದರೆ ವೇಗ ಹೆಚ್ಚು. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳು ಮೆಮೊರಿಯನ್ನು ಬಾಚಿಕೊಳ್ಳತೊಡಗಿದ್ದರಿಂದ ಇದರ ಬೆಲೆ ಸಿಕ್ಕಾಪಟ್ಟೆ ಏರಿತು. ಕೈ ಸಾಲದಿದ್ದವರು ಎಂಟರ ಒಂದು ಕಡ್ಡಿ ಹಾಕಿಸಿ, ಇನ್ನೊಂದು ತೂತನ್ನು ಮುಂದಿನ ಬೋನಸ್ಸಿಗೆ ಖಾಲಿ ಬಿಡಬಹುದು.

ಯಂತ್ರವು ಚುರುಕೆಂದು ನಮಗೆ ಅನಿಸುವುದು ಬಹುಮಟ್ಟಿಗೆ ಎಸ್‌ಎಸ್‌ಡಿಯಿಂದ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಸೂಜಿಯಂಥ ತಲೆಯೊಂದು ಹುಡುಕಾಡಿ ಓದಬೇಕು; ಎಸ್‌ಎಸ್‌ಡಿಯಲ್ಲಿ ಅಲುಗಾಡುವ ಭಾಗವೇ ಇಲ್ಲ. ವಿಂಡೋಸನ್ನು ಹಾರ್ಡ್ ಡಿಸ್ಕಿನ ಮೇಲೆ ಹಾಕಿಸಿದರೆ ಎಂಥ ಪ್ರೊಸೆಸರಿದ್ದರೂ ಯಂತ್ರ ಏಳುವುದರೊಳಗೆ ಕಾಫಿ ಕುಡಿದು ಬರಬಹುದು. ಐನೂರು ಜಿಬಿಯ ಎಂ.2 ಎಸ್‌ಎಸ್‌ಡಿ ಒಂದಿರಲಿ. ಮದುವೆ ಮುಂಜಿಗಳ ಫೋಟೋ ವಿಡಿಯೋಗಳಿಗೆ ಬೇಕಾದರೆ ಹಾರ್ಡ್ ಡಿಸ್ಕನ್ನು ಆಮೇಲೆ ಸೇರಿಸಿಕೊಳ್ಳಬಹುದು.

ಈಗ ಎಲ್ಲರೂ ಕೈ ಬಿಗಿ ಹಿಡಿಯುವ, ಹಿಡಿಯಲೇಬಾರದ ಭಾಗಕ್ಕೆ ಬರೋಣ. ಅದೇ ಎಸ್‌ಎಂಪಿಎಸ್, ಗೋಡೆಯ 230 ವೋಲ್ಟನ್ನು ಯಂತ್ರಕ್ಕೆ ಬೇಕಾದ 12, 5, 3.3 ವೋಲ್ಟಿಗೆ ಇಳಿಸುವ ಪೆಟ್ಟಿಗೆ. ‘ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುತ್ತದೆ ಸಾರ್’ ಎಂದು ಅಂಗಡಿಯವನು ಹೇಳುತ್ತಾನೆ. ಬೇಡವೆನ್ನಿ. ಆ ಪುಕ್ಕಟೆ ಪೆಟ್ಟಿಗೆಯ ಮೇಲೆ 450 ವ್ಯಾಟ್ ಎಂದು ಬರೆದಿದ್ದರೂ ಎತ್ತಿ ನೋಡಿದರೆ ಬೆಂಡಿನಂತೆ ಹಗುರ. ಒಳಗಿನ ತಾಮ್ರದಲ್ಲಿಯೂ ರಕ್ಷಣೆಯ ಭಾಗಗಳಲ್ಲಿಯೂ ಉಳಿತಾಯ ಮಾಡಿರುತ್ತಾರೆ. ಬೇರೆ ಯಾವ ಭಾಗ ಕೆಟ್ಟರೂ ಕೆಡುವುದು ಅದೊಂದೇ. ಇದು ಕೆಟ್ಟರೆ ಬೋರ್ಡನ್ನೂ ಎಸ್‌ಎಸ್‌ಡಿಯನ್ನೂ ಜೊತೆಗೆ ಕರೆದೊಯ್ಯಬಲ್ಲದು. ಕಾರ್ಡಿಲ್ಲದ ಮನೆಯ ಯಂತ್ರ ಪೂರ್ತಿ ದುಡಿದರೂ 150 ವ್ಯಾಟ್ ಮೀರುವುದು ಅಪರೂಪ. ದೊಡ್ಡ ಅಂಕಿಗೆ ಮರುಳಾಗದೆ, ಹೆಸರಾಂತ ತಯಾರಕರ, ‘80 ಪ್ಲಸ್’ ಮುದ್ರೆಯ 450 ವ್ಯಾಟಿನದನ್ನು ಕೊಳ್ಳಿ. ಎಳೆದುಕೊಂಡ ವಿದ್ಯುತ್ತಿನಲ್ಲಿ ನೂರಕ್ಕೆ ಎಂಬತ್ತು ಪಾಲನ್ನಾದರೂ ಯಂತ್ರಕ್ಕೆ ಮುಟ್ಟಿಸುತ್ತದೆಂಬುದು ಆ ಮುದ್ರೆಯ ಅರ್ಥ. ಮಿಕ್ಕದ್ದು ಬರಿದೆ ಶಾಖ. ಗೋಡೆಯ ಪ್ಲಗ್ಗಿಗೆ ಅರ್ಥಿಂಗ್ ಉಂಟೇ ಎಂದು ಎಲೆಕ್ಟ್ರಿಷಿಯನ್ನನ್ನು ಕರೆದು ನೋಡಿಸಿ. ಬಾಡಿಗೆ ಮನೆಗಳಲ್ಲಿ ಮೂರು ತೂತಿನ ಪ್ಲಗ್ಗಿದ್ದೂ ಹಿಂದೆ ತಂತಿಯಿಲ್ಲದಿರುವುದುಂಟು. ಕ್ಯಾಬಿನೆಟ್ಟು ಮುಟ್ಟಿದರೆ ಜುಮ್ಮೆನ್ನುವುದು ಬಹುತೇಕ ಇದರಿಂದಲೇ.

ಕ್ಯಾಬಿನೆಟ್ಟು ಗಾಳಿಯಾಡುವಂತಿದ್ದರೆ ಸಾಕು, ದೀಪಗಳು ಬೇಡ. ಮಾನಿಟರನ್ನು ಮಾತ್ರ ಕಣ್ಣಿಂದ ನೋಡಿಯೇ ಆರಿಸಬೇಕು. 22 ಅಥವಾ 24 ಅಂಗುಲ, 1920 ಅಡ್ಡ 1080 ಬಿಂದುಗಳು, ಐಪಿಎಸ್ ಪರದೆ. ಉಳಿದ ಭಾಗಗಳು ಬದಲಾದರೂ ಅದು ಮನೆಯಲ್ಲಿ ಉಳಿಯುವ ವಸ್ತು.

ಮಾರುಕಟ್ಟೆಗಳು ಎಲ್ಲರಿಗೂ ಗೊತ್ತು: ಮುಂಬಯಿಯಲ್ಲಿ ಗ್ರ್ಯಾಂಟ್ ರೋಡ್ ಬಳಿಯ ಲ್ಯಾಮಿಂಗ್ಟನ್ ರಸ್ತೆ, ದಿಲ್ಲಿಯಲ್ಲಿ ನೆಹರೂ ಪ್ಲೇಸ್, ಚೆನ್ನೈಯಲ್ಲಿ ರಿಚಿ ಸ್ಟ್ರೀಟ್, ಸಿಕಂದರಾಬಾದಿನಲ್ಲಿ ಚೆನಾಯ್ ಟ್ರೇಡ್ ಸೆಂಟರ್. ರಜೆಗೆ ಊರಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಕಟ್ಟಿಕೊಂಡು ಬರುವವರೂ ಇದ್ದಾರೆ. ಅದರಲ್ಲಿ ಅಭಿಮಾನವಿದೆಯೇ ಹೊರತು ಅನುಕೂಲವಿಲ್ಲ; ಕೆಟ್ಟಾಗ ಓಡಿಹೋಗಿ ಕೇಳಲು ಅಂಗಡಿ ಹತ್ತಿರವಿರಬೇಕು. ಜಿಎಸ್‌ಟಿ ಸಹಿತವಾದ ಬಿಲ್ಲನ್ನೇ ಕೇಳಿ. ‘ಬಿಲ್ಲಿಲ್ಲದಿದ್ದರೆ ಇಷ್ಟು ಕಡಿಮೆ’ ಎಂಬ ಮಾತಿಗೆ ಸೋಲಬೇಡಿ. ಪ್ರತಿ ಭಾಗದ ಸೀರಿಯಲ್ ನಂಬರು ಬಿಲ್ಲಿನಲ್ಲಿದ್ದರೆ ವಾರಂಟಿ ಕೇಳುವಾಗ ತಕರಾರಿರುವುದಿಲ್ಲ. ಡಬ್ಬಗಳನ್ನೂ ಥರ್ಮೋಕೋಲನ್ನೂ ಅಟ್ಟದ ಮೇಲಿಡಿ. ವರ್ಗವಾದಾಗ ಮಾನಿಟರು ಕ್ಷೇಮವಾಗಿ ಹೋಗುವುದು ಅದರಲ್ಲಿಯೇ.

ಕೀಲಿಮಣೆಗೆ ಕನ್ನಡದ್ದೆಂದು ಬೇರೆ ಕೊಳ್ಳಬೇಕಾಗಿಲ್ಲ. ಯೂನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ ಭಾಷೆಯ ಪಟ್ಟಿಗೆ ಹೋಗಿ ಕನ್ನಡವನ್ನು ಸೇರಿಸಿದರೆ ಅಕ್ಷರ ಮೂಡುತ್ತವೆ, ಖರ್ಚಿಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬರೆದದ್ದು ಆ ಫಾಂಟಿಲ್ಲದ ಯಂತ್ರದಲ್ಲಿ ಒಗಟಾಗಿ ಕಾಣುತ್ತದೆ. ಸಂಘಗಳ ಪತ್ರಿಕೆಗಳ ಸಂಪಾದಕರು ಆ ಒಗಟುಗಳನ್ನು ಬಿಡಿಸಿ ಬಿಡಿಸಿ ದಣಿದಿದ್ದಾರೆ. ಹೊಸ ಯಂತ್ರದಲ್ಲಿ ಮೊದಲ ದಿನದಿಂದಲೇ ಯೂನಿಕೋಡಿನಲ್ಲಿ ಬರೆಯಿರಿ. ಮಕ್ಕಳು ಅಜ್ಜಿಗೆ ಬರೆದ ನಾಲ್ಕು ಸಾಲು ಧಾರವಾಡದಲ್ಲಿ ಅವರ ಮೊಬೈಲಿನಲ್ಲಿಯೂ ಹಾಗೆಯೇ ಕಾಣಿಸುತ್ತದೆ.