ನೋಡುವವರ ಪಾಲು

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅಲ್ಲಿನ ಮಹಾನವಮಿಯ ನೃತ್ಯ, ಕುಸ್ತಿ, ಬಾಣಬಿರುಸುಗಳನ್ನು ವರ್ಣಿಸುವಾಗ ನೋಡಲು ನೆರೆದ ಜನರನ್ನೂ, ನೋಡುತ್ತಾ ಕುಳಿತ ಅರಸನನ್ನೂ ಮರೆಯುವುದಿಲ್ಲ. ಆಡುವವರಷ್ಟೇ ಅಲ್ಲ, ನೋಡುವವರೂ ಸೇರಿದಾಗಲೇ ಉತ್ಸವ ಪೂರ್ಣವಾಗುತ್ತದೆ. ನಾಟಕಕ್ಕೂ ಇದೇ ಮಾತು ಸಲ್ಲುತ್ತದೆ.

ಪ್ರಯೋಗವೊಂದು ಸಿದ್ಧಿಸಿತೇ ಎಂಬುದನ್ನು ಭರತಮುನಿಯ ನಾಟ್ಯಶಾಸ್ತ್ರವು ಪ್ರೇಕ್ಷಕರ ಮುಖದಲ್ಲಿಯೇ ಓದುತ್ತದೆ. ನಗು, ಉದ್ಗಾರ, ರೋಮಾಂಚನ, ಆಸನದಿಂದ ಎದ್ದು ನಿಲ್ಲುವುದು, ವಸ್ತ್ರ ಉಂಗುರಗಳನ್ನು ನಟರಿಗೆ ಕೊಡುವುದು ಇವೆಲ್ಲ ಮಾನುಷೀ ಸಿದ್ಧಿ. ರಂಗಮಂದಿರ ತುಂಬಿದ್ದರೂ ಸದ್ದಿಲ್ಲ, ಕ್ಷೋಭೆಯಿಲ್ಲ ಎಂಬ ಸ್ಥಿತಿಯೇ ದೈವೀ ಸಿದ್ಧಿ. ಚಪ್ಪಾಳೆಗಿಂತ ಮಿಗಿಲಾದುದು ತುಂಬಿದ ಮೌನ!

ನಮ್ಮ ಕಂಪ್ಲಿ, ಸಂಡೂರು ಸೀಮೆಯ ಬಯಲಾಟ ಇದಕ್ಕೆ ನಿದರ್ಶನ. ಪಾತ್ರಧಾರಿಗಳು ಊರಿನವರೇ, ಹಗಲು ಹೊಲದಲ್ಲಿ ದುಡಿದವನು ಇರುಳು ಕಿರೀಟ ಧರಿಸುತ್ತಾನೆ. ಕಥೆ ಎಲ್ಲರಿಗೂ ಗೊತ್ತು. ಆದರೂ ಚಾಪೆ, ಕಂಬಳಿಗಳ ಮೇಲೆ ಕುಳಿತ ಜನ ಬೆಳಗಿನವರೆಗೆ ಕದಲುವುದಿಲ್ಲ. ಖಾಲಿ ಮಂದಿರದಲ್ಲಿಯೂ ಚಲನಚಿತ್ರ ಅದೇ ರೀತಿ ಓಡೀತು; ಜೀವಂತ ನಟನಾದರೋ ಎದುರಿನವರ ಉಸಿರನ್ನು ಅರಿತು ಆಡುತ್ತಾನೆ. ಇಂದು ನಾವು ಮೊಬೈಲನ್ನು ಮುಖಕ್ಕೆ ಅಡ್ಡ ಹಿಡಿದು ನಾಟಕವನ್ನು ಸೆರೆಹಿಡಿಯುತ್ತೇವೆ. ಆದರೆ ಆ ನಟನಿಗೆ ನಮ್ಮ ಕಣ್ಣು ಸಿಗುವುದಿಲ್ಲ.

ಮಂಗಳ ಹಾಡಿದೊಡನೆ ಪ್ರೇಕ್ಷಕನ ಕರ್ತವ್ಯ ಮುಗಿಯಿತೇ? ಹೊಸಪೇಟೆಗೆ ಸಮೀಪದ ಮರಿಯಮ್ಮನಹಳ್ಳಿಯ ಜೋಗತಿ ಮಂಜಮ್ಮನವರನ್ನು ನೆನೆಯೋಣ. ಹೆಣ್ಣಾಗಿ ಬಾಳಬಯಸಿದ ಕಾರಣಕ್ಕೆ ಮನೆಯವರಿಂದ ದೂರವಾಗಿ, ಬೇಡಿ ಬದುಕಿದ ಈ ಕಲಾವಿದೆ ಜೋಗತಿ ನೃತ್ಯದಿಂದ, ಯಲ್ಲಮ್ಮನ ಆಟದ ಪಾತ್ರಗಳಿಂದ ಜನಮನ ಗೆದ್ದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ರಂಗದ ಮೇಲೆ ಇಂಥವರಿಗೆ ಚಪ್ಪಾಳೆ ತಟ್ಟಿದ ಕೈಗಳೇ ಮರುದಿನ ಬಸ್ ನಿಲ್ದಾಣದಲ್ಲಿ ಇವರ ಸೋದರಿಯರನ್ನು ಅತ್ತ ಸರಿಸುವುದಿಲ್ಲವೇ? ಹಾಗಾದರೆ ನಾವು ಕಂಡದ್ದಾದರೂ ಏನು?

ದಯಾಳು ಸಮಾರಿಯದವನ ಸಾಮತಿಯಲ್ಲಿ ಯಾಜಕನೂ ಲೇವಿಯನೂ ಗಾಯಾಳುವನ್ನು ಕಂಡರು, ಕಂಡೂ ಸರಿದುಹೋದರು. ಯಾಜಕರಾದ ನಮ್ಮನ್ನು ಆ ಮಾತು ಮೊದಲು ಚುಚ್ಚುತ್ತದೆ. ಸಮಾರಿಯದವನೂ ಅದನ್ನೇ ಕಂಡ. ಅವನ ನೋಟ ಮಾತ್ರ ಕರುಣೆಯಾಗಿ ಕೈಗೆ ಇಳಿಯಿತು.

ಊರಿನಲ್ಲಿ ನಾಟಕವೋ ಬಯಲಾಟವೋ ನಡೆದರೆ ಮಕ್ಕಳನ್ನು ಕರೆದುಕೊಂಡು ಹೋಗೋಣ. ಮೊಬೈಲನ್ನು ಜೇಬಿನಲ್ಲಿಟ್ಟು ಕಣ್ತುಂಬ ನೋಡೋಣ. ಮರುದಿನ ಬೀದಿಯಲ್ಲಿ ಆ ನಟ ಎದುರಾದರೆ, ಬಣ್ಣವಿಲ್ಲದ ಆ ಮುಖವನ್ನೂ ಗುರುತಿಸಿ ಕೈಮುಗಿಯೋಣ.